ಮಂದಾಕಿನಿಯ ಮುಂದಿನ ಭಾಗ

ನೆನೆಸಿದ ಅವರೆಕಾಳು ಹಿತುಕುತ್ತಾ ಸುಗುಣ ಪತ್ತೇದಾರಿ ಮಂದಾಕಿನಿಯ ಕಥೆ ಹೇಳುತ್ತಿದ್ದಳು. ಗುರುವಾರ ಸಂಜೆ ಗ್ರಂಥಾಲಯದಿಂದ ಆ ಮಾಲಿಕೆಯ ಒಂದು ಭಾಗ ತಂದು ಓದುವುದು, ವಾರವಿಡೀ ಅದನ್ನು ಅತ್ತೆಗೂ ಮಗಳಿಗೂ ಹೇಳುವುದು ಮನೆಯ ರೂಢಿ. ಅತ್ತೆಗೆ ಕಣ್ಣಿನ ಪೊರೆ. ಇಂಗ್ಲಿಷ್ ಶಾಲೆಯ ಮಗಳಿಗೆ ಕನ್ನಡದ ಒತ್ತಕ್ಷರ ಕಂಡರೆ ಜ್ವರ. ಸುಗುಣ ಒಬ್ಬಳೇ ಹೊಸಿಲು ದಾಟುತ್ತಿದ್ದುದು ಅದೊಂದೇ ಸಂಜೆ.

"ಆಮೇಲೆ? ಕಳ್ಳ ಸಿಕ್ಕಿದ್ನಾ?" ಮಗಳು ಕಾಳನ್ನು ಹಿತುಕದೆ ಹಾಗೇ ಹಿಡಿದು ಕೂತಿದ್ದಳು.

"ಕಳ್ಳ ಹಾಳಾಗ್ಲಿ, ಆ ಹುಡುಗಿ ಮದುವೆ ಯಾವಾಗ?" ಎಂದರು ಅತ್ತೆ. "ಹೀಗೆ ಊರೂರು ಅಲೀತಿದ್ರೆ ಯಾರು ಮಾಡ್ಕೋತಾರೆ ಅವಳನ್ನ? ಬರೆಯೋನಿಗಾದ್ರೂ ಬುದ್ಧಿ ಬೇಡ್ವಾ?"

"ಮದುವೆ ಆದ್ರೆ ಕಥೆ ಮುಗಿದೇ ಹೋಗತ್ತೆ ಅಜ್ಜಿ!"

"ಮುಗೀಲಿ ಬಿಡೇ. ಗುರುವಾರಾನೂ ನಿಮ್ಮಮ್ಮ ಮನೇಲಿರ್ತಾಳೆ, ನನಗೆ ಹೊತ್ತಿಗೆ ಸರಿಯಾಗಿ ಕಾಫಿ ಸಿಗತ್ತೆ." ಅತ್ತೆ ನಕ್ಕು ಸೊಸೆಯ ಕಡೆ ತಿರುಗಿದರು. "ಇದೇ ಕೊನೇ ಭಾಗ ತಾನೇ?"

ಸುಗುಣಳ ಬೆರಳು ಒಂದು ಗಳಿಗೆ ನಿಂತಿತು.

"ಇಲ್ಲ ಅತ್ತೆ, ಇನ್ನೂ ಬರ್ತಾನೇ ಇದೆ."

"ಮುಂದಿನದ್ರಲ್ಲಿ ಏನಾಗತ್ತಮ್ಮ?" ಮಗಳು ಮೊಣಕೈ ಜಗ್ಗಿದಳು.

"ತಂದ್ಮೇಲೆ ತಾನೇ ಗೊತ್ತಾಗೋದು?"

ಈ ಗುರುವಾರ ಮಂದಾಕಿನಿಯನ್ನು ಹಡಗು ಹತ್ತಿಸಿಬಿಡಬೇಕು ಎಂದು ಸುಗುಣ ಮನಸ್ಸಿನಲ್ಲೇ ತೀರ್ಮಾನಿಸಿದಳು. ಬರೆದವರು ಅವಳಿಗೆ ಮದುವೆ ಮಾಡಿಸಿ ಮಾಲಿಕೆಯನ್ನು ದೀಪಾವಳಿಗೆ ಮುಂಚೆಯೇ ಮುಗಿಸಿಬಿಟ್ಟಿದ್ದರು.