ದಿವಂಗತರ ಕಾರು

ಕಾರಿನ ಹಿಂಬಾಗಿಲ ಗಾಜನ್ನು ಒದ್ದೆ ಬಟ್ಟೆಯಿಂದ ಉಜ್ಜುತ್ತಿದ್ದ ಲಾಂಡ್ರಿಯಾಕೆ ಬೇಕೆಂದೇ ಒಂದು ಮೂಲೆ ಬಿಟ್ಟಳು. ಬಿಟ್ಟು, ಕೈ ನಿಲ್ಲಿಸಿ ಕಾದಳು. ಬೇರೆ ದಿನವಾಗಿದ್ದರೆ ಒಳಗಿನಿಂದ ಗುಡುಗು ಕೇಳಬೇಕಿತ್ತು: "ಆ ಮೂಲೆ ಯಾರು ಒರೆಸ್ತಾರೆ? ಅದಕ್ಕೇ ಹೇಳೋದು, ಇದು ನಿಮ್ಮ ಕಾರಲ್ಲ ಅಂತ!"

ಇವತ್ತು ಮಾತಿಲ್ಲ. ದಿವಂಗತರು ಹಿಂದಿನ ಸೀಟಿನಲ್ಲಿ ಮಲಗಿಯೇ ಇದ್ದರು. ಆಕೆ ಮೂಲೆಯನ್ನೂ ಒರೆಸಿದಳು.

ದಿವಂಗತರು ಎಂಬುದು ಬೀದಿಯವರು ಇಟ್ಟ ಹೆಸರು. ಹಡಗಿನಲ್ಲಿ ಅಡುಗೆ ಮಾಡಿಕೊಂಡು ವರ್ಷಗಟ್ಟಲೆ ಊರ ಕಡೆ ತಲೆ ಹಾಕದ ಮನುಷ್ಯ. ತಮ್ಮ ಕಾದ, ಕಾದ. ಕಡೆಗೆ ಅಣ್ಣ ಸಮುದ್ರದ ಪಾಲಾದನೆಂದು ಮರಣಪತ್ರ ಮಾಡಿಸಿ, ಅಣ್ಣನ ಕಾರನ್ನು ಲಾಂಡ್ರಿಯಾಕೆಗೆ ಮಾರಿ, ಹೇಳಹೆಸರಿಲ್ಲದೆ ಮಾಯವಾದ. ಕೊಟ್ಟವಳು ಕೋಡಂಗಿ, ಇಸ್ಕೊಂಡವನು ಈರಭದ್ರ. ಆಸ್ಪತ್ರೆಯ ಹಾಸು ಹೊದಿಕೆ ಒಗೆಯುವ ಗುತ್ತಿಗೆಯನ್ನು ಆಕೆ ಹಿಡಿದದ್ದೇ ಈ ಕಾರನ್ನು ನಂಬಿ. ಮೊದಲ ಗಂಟನ್ನು ಡಿಕ್ಕಿಯಲ್ಲಿಡುವಷ್ಟರಲ್ಲಿ ಸತ್ತ ಅಣ್ಣ ಟ್ರಂಕು ಹಿಡಿದು ಎದುರು ನಿಂತಿದ್ದ.

"ಗಂಟು ಇಳಿಸಿ. ಇದು ನನ್ನ ಕಾರು."

ಮೊಕದ್ದಮೆ ಶುರುವಾಯಿತು. ಶುರುವಾದದ್ದು ಅಲ್ಲೇ ನಿಂತಿತು. ಸತ್ತವರು ದಾವೆ ಹೂಡುವಂತಿಲ್ಲವಲ್ಲ!

"ನಾನು ಬದುಕಿದ್ದೀನಿ ಸ್ವಾಮಿ!" ಎಂದು ಅವರು ಕಟಕಟೆ ಗುದ್ದಿದರು.

"ಮೃತರು ಮಧ್ಯೆ ಬಾಯಿ ಹಾಕಬಾರದು," ಎಂದರು ನ್ಯಾಯಾಧೀಶರು, ಬಹಳ ಸಮಾಧಾನದಿಂದ. ಆಮೇಲೆ ಅವರೇ ಒಂದು ದಾರಿ ತೋರಿಸಿದರು. ಸತ್ತರೆಂದು ಬರೆದಿರುವ ಮನುಷ್ಯ ಇವರೇ, ಬದುಕಿದ್ದಾರೆ ಎಂದು ಎದುರುಪಕ್ಷದಾಕೆ ದಾಖಲೆ ಕಚೇರಿಗೆ ಒಂದು ಪತ್ರ ಕಳಿಸಿದರೆ ಸಾಕು, ಮನುಷ್ಯನಿಗೆ ಜೀವ ಬಂದಂತೆ.

"ಅವರಿಗೆ ಜೀವ ಬಂದ್ರೆ ನಿಮ್ಮ ಕಾರು ಹೋಯ್ತು," ಎಂದ ಆಕೆಯ ವಕೀಲ. "ಬದುಕಿರೋ ಅಣ್ಣನ ಕಾರನ್ನ ತಮ್ಮ ಹೇಗೆ ಮಾರ್ತಾನೆ? ವ್ಯಾಪಾರಾನೇ ಬಿದ್ದುಹೋಗುತ್ತೆ."

ಕಾರಿಲ್ಲದಿದ್ದರೆ ಗುತ್ತಿಗೆ ಇಲ್ಲ. ಗುತ್ತಿಗೆ ಇಲ್ಲದಿದ್ದರೆ ಒಲೆ ಉರಿಯದು. ಆಕೆ ಪತ್ರ ಬರೆದಳು. ಕಳಿಸಲಿಲ್ಲ. ಕಾರಿನ ಮುಂದಿನ ಖಾನೆಯಲ್ಲಿ ಹಾಕಿ ಮುಚ್ಚಿದಳು.

ಕಾರು ಕಣ್ತಪ್ಪಿ ಹೋದೀತೆಂದು ದಿವಂಗತರು ಅದರೊಳಗೇ ಬಿಡಾರ ಹೂಡಿದರು. ಬೇರೆ ಗತಿಯೂ ಇರಲಿಲ್ಲ. ಸತ್ತವರಿಗೆ ಬಾಡಿಗೆ ಮನೆ ಕೊಡುವವರು ಯಾರು? ಸ್ಟೀರಿಂಗ್ ಮುಟ್ಟುವಂತಿರಲಿಲ್ಲ, ಸತ್ತವರ ಲೈಸೆನ್ಸು ನಡೆಯದು. ಪಕ್ಕದಲ್ಲಿ ಕೂತು ಕೂಗುವುದಕ್ಕೆ ಮಾತ್ರ ಲೈಸೆನ್ಸು ಬೇಕಿರಲಿಲ್ಲ.

"ಕ್ಲಚ್ಚು ಅಕ್ಕಾ, ಕ್ಲಚ್ಚು! ಗೇರು ಹೆಂಗೆ ಕಿರುಚ್ಕೊಳ್ತಿದೆ, ನಿಮಗೆ ಕರುಳಿಲ್ವಾ?"

"ಸತ್ತೋರಿಗೆ ಇಷ್ಟೊಂದು ಬಾಯಿ ಯಾಕೆ?"

ಬೈದುಕೊಳ್ಳುತ್ತಲೇ ಇಬ್ಬರೂ ಗಂಟು ಇಳಿಸುತ್ತಿದ್ದರು. ಬೈದುಕೊಳ್ಳುತ್ತಲೇ ಒಂದೇ ಬುತ್ತಿ ಬಿಚ್ಚುತ್ತಿದ್ದರು. ಉಪ್ಪಿಲ್ಲ, ಹುಳಿಯಿಲ್ಲ ಎಂದು ದೂರಿ ದೂರಿ ದಿವಂಗತರು ಕಡೆಗೆ ಆಕೆಯ ಒಲೆಯನ್ನೂ ವಶಪಡಿಸಿಕೊಂಡರು. ಪತ್ರದ ಅಂಚು ಹಳದಿಯಾಯಿತು. ಆಗಾಗ ಖಾನೆ ತೆರೆದು ಅವರು ಅದನ್ನು ಓದುವುದಿತ್ತು.

"ಅಕ್ಷರ ದುಂಡಗಿದೆ. ಕಳಿಸೋದು ಯಾವಾಗ?"

"ನೀವು ಸತ್ತ ಮೇಲೆ."

"ಸತ್ತೇ ಇದ್ದೀನಲ್ಲಮ್ಮ!"

ಇವತ್ತು ಒರೆಸಿ ಮುಗಿಸಿದಾಗ ಗಾಜು ಹೊಳೆಯಿತು. ಆಕೆ ಗಂಟಿನೊಳಗಿಂದ ತಾನೇ ಇಸ್ತ್ರಿ ಮಾಡಿದ ಬಿಳಿ ಹಾಸೊಂದನ್ನು ತೆಗೆದು, ಕೊಡವಿ, ಅವರಿಗೆ ಹೊದಿಸಿದಳು. ಬಾಗಿಲನ್ನು ಸದ್ದಾಗದಂತೆ ಮುಚ್ಚಿದಳು. ಅವರಿಗೊಂದು ಜಾಗ ಕೊಡಿ ಎಂದು ಬೆಳಿಗ್ಗೆಯಿಂದ ಎರಡು ಕಡೆ ಕೇಳಿ ಬಂದಿದ್ದಳು. ಎರಡೂ ಕಡೆ ದಾಖಲೆ ನೋಡಿ ಕೈಯಲ್ಲಾಡಿಸಿದ್ದರು. ಸತ್ತವರೆಂದು ಬರೆದಾಗಿದೆ, ಆಗುವುದಿಲ್ಲ.

ದಾರಿಯುದ್ದಕ್ಕೂ ಗೇರು ಒಮ್ಮೆಯೂ ಕಿರುಚಲಿಲ್ಲ. ಭೇಷ್ ಎನ್ನುವವರಿರಲಿಲ್ಲ.

ದಾಖಲೆ ಕಚೇರಿಯ ಕಿಂಡಿಯಲ್ಲಿ ಗುಮಾಸ್ತ ಕಿವಿ ಕೆರೆದುಕೊಳ್ಳುತ್ತಿದ್ದ. ವರ್ಷಗಳಿಂದ ಇಬ್ಬರ ಜಗಳವನ್ನೂ ಬಲ್ಲವನು.

"ಓಹೋ, ಲಾಂಡ್ರಿ ಅಕ್ಕ! ಎಲ್ಲಿ ನಮ್ಮ ದಿವಂಗತರು?"

"ಕಾರಲ್ಲಿ ಮಲಗಿದ್ದಾರೆ."

"ಮಲಗ್ಲಿ ಬಿಡಿ. ಎದ್ದು ಬಂದ್ರೆ ನನ್ನ ತಲೆ ತಿಂತಾರೆ."

ಆಕೆ ಪತ್ರವನ್ನು ಕಿಂಡಿಯೊಳಕ್ಕೆ ತಳ್ಳಿದಳು. ಗುಮಾಸ್ತ ಓದಿದ. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದ.

"ಅಂತೂ ಮನಸ್ಸು ಕರಗ್ತು ಅನ್ನಿ! ಕಾರು ಕೈಬಿಡುತ್ತೆ, ಗೊತ್ತಲ್ವಾ?"

"ಗೊತ್ತು. ಗಂಟು ಹೊರೋಕೆ ತಲೆ ಇದೆ."

"ಸರಿ, ಇಟ್ಟು ಹೋಗಿ. ನಾಳೆ ನಾಳಿದ್ದರಲ್ಲಿ ನೋಡೋಣ."

"ಇವತ್ತೇ ಆಗ್ಬೇಕು. ಬಿಸಿಲು ಏರ್ತಿದೆ."

ಪತ್ರಕ್ಕೂ ಬಿಸಿಲಿಗೂ ಎತ್ತಣಿಂದೆತ್ತ ಸಂಬಂಧವೋ ಗುಮಾಸ್ತನಿಗೆ ತಿಳಿಯಲಿಲ್ಲ. ಆದರೂ ಆಕೆಯ ಮುಖ ನೋಡಿ ಮುದ್ರೆ ಒತ್ತಿದ. ಹಳದಿ ಅಂಚಿನ ಪತ್ರವನ್ನು ಒಳಗಿನ ಕೋಣೆಗೆ ಕಳಿಸಿ, ಹಲ್ಲು ಬಿಟ್ಟ.

"ಹೋಗಿ ಎಬ್ಬಿಸಿ ಹೇಳಿ ಅಕ್ಕಾ. ಈ ಗಳಿಗೆಯಿಂದ ಅವರು ಬದುಕಿದ್ದಾರೆ."

ಆಕೆ ಚೀಲದಿಂದ ವೈದ್ಯರ ಚೀಟಿ ತೆಗೆದು ಅದೇ ಕಿಂಡಿಯೊಳಕ್ಕೆ ತಳ್ಳಿದಳು. "ಹಂಗಾದ್ರೆ ಈಗ ಅವರ ಸಾವು ಬರ್ಕೊಳ್ಳಿ. ಒಂದ್ಸಲ ಸತ್ತೋರನ್ನ ಇನ್ನೊಂದ್ಸಲ ತಗೊಳ್ಳಲ್ಲ ಅಂತ ಎರಡು ಸ್ಮಶಾನದಲ್ಲೂ ಹೇಳಿ ಕಳಿಸಿದ್ರು."