ಬೇರಿಂಗ್ ಸದ್ದು

"ಗೇರ್ ಬಾಕ್ಸ್ ಗುಂಯ್ ಅಂತಿದೆ, ಮೇಸ್ತ್ರಿ. ನ್ಯೂಟ್ರಲ್‌ನಲ್ಲಿ ಕ್ಲಚ್ ಒತ್ತಿದ್ರೆ ಸುಮ್ಮನಾಗತ್ತೆ, ಬಿಟ್ರೆ ಮತ್ತೆ ಶುರು."

ಹೀಗೆಂದ ಹಸಿಂತಾ, ಪ್ವೆಬ್ಲಾ ಊರಿನ ಸಂತೆಯಿಂದ ಗುಡ್ಡದ ಹಳ್ಳಿಗಳಿಗೆ ಜನರನ್ನು ಸಾಗಿಸುವ ವ್ಯಾನ್ ಓಡಿಸುವವಳು. ಅನ್ಸೆಲ್ಮೊ ಬರೀ ಕಿವಿಯಿಂದಲೇ ಗಾಡಿಯ ರೋಗ ಹಿಡಿಯುತ್ತಾನೆಂದು ಆ ಬೀದಿಗೆಲ್ಲ ಹೆಸರಾದ ಮುದಿ ಮೇಸ್ತ್ರಿ. ಅವನು ಕೈ ಒರೆಸಿಕೊಂಡು ಸೀಟಿನಲ್ಲಿ ಕೂತ. ಕ್ಲಚ್ ಒತ್ತಿದ, ಬಿಟ್ಟ, ಮತ್ತೆ ಒತ್ತಿದ. ಎಂಜಿನ್ನಿನ ಗುಡುಗುಡು ಬಿಟ್ಟರೆ ಬೇರೇನೂ ಇಲ್ಲ.

"ನಿನ್ನ ಕಿವಿಯೊಳಗೇ ಜೀರುಂಡೆ ಹೊಕ್ಕಿರಬೇಕು, ಹೋಗು!"

ಎದುರಿನ ಟಾಕೊ ಗಾಡಿಯ ಮುಂದೆ ನಿಂತು ತಿನ್ನುತ್ತಿದ್ದವರೆಲ್ಲ ಘೊಳ್ಳೆಂದರು. ಹಸಿಂತಾಳ ಮುಖ ಕೆಂಪೇರಿತು. ಅನ್ಸೆಲ್ಮೊನ ಜೊತೆ ಶೆಡ್ಡಿನಲ್ಲಿ ಕೆಲಸ ಮಾಡುವ, ಅವನ ಹೆಂಡತಿಯ ತಮ್ಮ ರುತಿಲಿಯೊ ಹತ್ತಿರ ಬಂದ. "ಭಾವ, ಅದು ಬೇರಿಂಗ್ ಸದ್ದೇ ಅಲ್ವಾ?"

"ನೀನು ನಂಗೆ ಹೇಳ್ಕೊಡ್ತೀಯೇನೋ?"

ವ್ಯಾನ್ ಹಾಗೆಯೇ ಹೊರಟುಹೋಯಿತು. ಆ ವಾರವೇ ಹಗ್ಗ ಕಟ್ಟಿಸಿಕೊಂಡು ಮರಳಿ ಬಂತು. ಗುಡ್ಡದ ಏರಿನಲ್ಲಿ ಗೇರ್ ಬಾಕ್ಸ್ ಹಿಡಿದುಕೊಂಡು, ಹಿಂದಿನ ಗಾಲಿಗಳು ಕಚ್ಚಿ ನಿಂತು, ವ್ಯಾನ್ ಚರಂಡಿಗೆ ಜಾರಿತ್ತು. ಟೊಮೆಟೊ ಬುಟ್ಟಿ ಹಿಡಿದು ಕೂತಿದ್ದ ಮುದುಕಿಯೊಬ್ಬಳ ಮಣಿಕಟ್ಟು ಮುರಿದಿತ್ತು.

ಅನ್ಸೆಲ್ಮೊ ಬಾಕ್ಸ್ ಬಿಚ್ಚಿದ. ಶಾಫ್ಟಿನ ಭಾರ ಹೊತ್ತು, ಅದು ಅತ್ತಿತ್ತ ವಾಲದಂತೆ ಹಿಡಿದು, ಸಲೀಸಾಗಿ ತಿರುಗಲು ಬಿಡಬೇಕಾದ ಬೇರಿಂಗ್ ಪುಡಿಯಾಗಿತ್ತು. ಶಾಫ್ಟ್ ನೆಲೆ ತಪ್ಪಿ, ಗೇರುಗಳು ಒಂದರ ಹಲ್ಲನ್ನೊಂದು ಜಗಿದು ಹಾಕಿದ್ದವು. ಉಳಿದ ಇನ್ನೊಂದು ಬೇರಿಂಗನ್ನು ರೂಢಿಯಂತೆ ಬೆರಳಿಗೆ ಏರಿಸಿ, ಕಿವಿಯ ಬಳಿ ಹಿಡಿದು ತಿರುಗಿಸಿದ. ಸದ್ದಿಲ್ಲ. ಇನ್ನೊಂದು ಕಿವಿಗೆ ಹಿಡಿದ. ಸದ್ದಿಲ್ಲ. ಬೆರಳಿಗೆ ಮಾತ್ರ ಒಳಗೆ ಮರಳು ಸಿಕ್ಕಿದಂತೆ ತರಿತರಿ.

"ಅದೂ ಹೋಗಿದೆ ಭಾವ!" ಶೆಡ್ಡಿನ ಆ ತುದಿಯಿಂದ ರುತಿಲಿಯೊ ಕೂಗಿದ. "ಕರಕರ ಅನ್ನೋದು ಇಲ್ಲೀವರೆಗೂ ಬರ್ತಿದೆ!"

ಅನ್ಸೆಲ್ಮೊನ ಕೈ ನಿಂತಿತು. ಹೆಂಡತಿ ಈಚೀಚೆಗೆ ಮಾತುಮಾತಿಗೂ ಕಿರುಚುವುದು ಸಿಡುಕಿನಿಂದಲ್ಲ ಎಂಬುದು ಆಗ ಹೊಳೆಯಿತು. ಕಾಲಡಿಯ ನೆಲ ಬಾಯಿ ಬಿಡಬಾರದೆ ಅನ್ನಿಸಿತು.

ಮಧ್ಯಾಹ್ನ ಹಸಿಂತಾ ಬಂದಳು. ಟಾಕೊ ಗಾಡಿಯ ಮುಂದಿನವರು ತಿನ್ನುವುದು ಬಿಟ್ಟು ಇತ್ತ ತಿರುಗಿದರು.

"ಅವತ್ತು ಅಷ್ಟು ಬಾಯಿ ಬಡ್ಕೊಂಡೆ!" ಅವಳು ಕೂಗಿದಳು. "ನೀವು ನನ್ನ ಮಾತು ಕೇಳಲಿಲ್ಲ, ಮೇಸ್ತ್ರಿ!"

ಹೌದು, ಕೇಳಲಿಲ್ಲ ಎಂದುಬಿಟ್ಟರೆ ಮುಗಿಯುತ್ತಿತ್ತು. ಜಂಬದ ಮುದುಕ ಎಂದು ಬೈದು ಜನ ಮರೆಯುತ್ತಿದ್ದರು, ಹೆಸರು ಉಳಿಯುತ್ತಿತ್ತು. ಅವನು ಎಣ್ಣೆ ಮೆತ್ತಿದ ಕೈ ಒರೆಸಿಕೊಂಡು ಅವಳೆದುರು ಬಂದು ನಿಂತ.

"ಕೇಳಲಿಲ್ಲ ಅಂತಲ್ಲಮ್ಮ," ಅಂದ. "ನಂಗೆ ಕೇಳಿಸಲಿಲ್ಲ."

ಯಾರೂ ನಗಲಿಲ್ಲ. ಹಸಿಂತಾಳ ತುಟಿ ಮೆಲ್ಲಗೆ ಅಲುಗಿತು. ಬೈದಳೋ, ಸಮಾಧಾನ ಹೇಳಿದಳೋ ಅವನಿಗೆ ತಿಳಿಯಲಿಲ್ಲ. ಅನ್ಸೆಲ್ಮೊ ಎಲ್ಲರೆದುರಿಗೇ ಅಂಗೈಯನ್ನು ಕಿವಿಯ ಹಿಂದೆ ಆನಿಸಿ ಮುಂದಕ್ಕೆ ಬಾಗಿದ.

"ಇನ್ನೊಂದು ಸಲ ಹೇಳು. ಜೋರಾಗಿ."