ಅಕ್ಕನೋ ತಂಗಿಯೋ

ಗ್ರೀಕರ ದೇವತೆಗಳು ಒಲಿಂಪಸ್ ಪರ್ವತ ಬಿಟ್ಟು ನಮ್ಮ ಹೋಬಳಿಯಲ್ಲಿ ನೆಲೆಸಿದ ಮೇಲೆ, ಅವರ ವಂಶವೃಕ್ಷ ಬರೆಯುವ ಕೆಲಸ ನಾಡಕಚೇರಿಯಲ್ಲಿ ನನ್ನ ಪಾಲಿಗೆ ಬಂತು. ಜೀಯಸ್ ತನ್ನ ಒಡಹುಟ್ಟಿದ ಹೀರಾಳನ್ನೇ ಮದುವೆಯಾದದ್ದನ್ನೂ ಹುಬ್ಬೇರಿಸದೆ ಬರೆದುಕೊಂಡವಳು ನಾನು.

ಇವತ್ತು ಬಂದವಳು ಹೆಸ್ಟಿಯಾ, ಒಲೆಯ ಬೆಂಕಿಯ ದೇವತೆ. ಸೆರಗಿಗೆ ಬೂದಿ ಅಂಟಿತ್ತು.

"ಜೀಯಸ್‌ಗೆ ನೀವು ಅಕ್ಕನಾ, ತಂಗಿನಾ?" ಎಂದೆ. ಅರ್ಜಿಯಲ್ಲಿ ಇರುವುದು ಆ ಎರಡೇ ಖಾನೆ.

"ಎಲ್ಲರಿಗಿಂತ ಮೊದಲು ಹುಟ್ಟಿದವಳು ನಾನು. ಅಪ್ಪ ಹುಟ್ಟಿದ ಮಕ್ಕಳನ್ನೆಲ್ಲ ನುಂಗ್ತಿದ್ದ, ನನ್ನನ್ನೇ ಮೊದಲು ನುಂಗಿದ. ಹೇಗೋ ತಪ್ಪಿಸಿಕೊಂಡು ಬೆಳೆದ ಜೀಯಸ್ ಬಂದು ಅವನಿಂದ ನಮ್ಮನ್ನೆಲ್ಲ ಕಕ್ಕಿಸಿದಾಗ, ತಳದಲ್ಲಿದ್ದ ನಾನು ಕೊನೆಗೆ ಹೊರಗೆ ಬಂದೆ. ಆ ಎರಡನೇ ಹುಟ್ಟಿನ ಲೆಕ್ಕಕ್ಕೆ ನಾನೇ ಎಲ್ಲರಿಗಿಂತ ಚಿಕ್ಕವಳು."

"ಹಾಗಾದ್ರೆ ಮನೇಲಿ ನಿಮ್ಮನ್ನ ಏನಂತ ಕರೀತಾರೆ?"

ಅವಳು ಸೆರಗಿನ ಬೂದಿ ಕೊಡವಿದಳು. ಅದು ಹೋಗಲಿಲ್ಲ.

"ಅಕ್ಕ ಅನ್ನಬೇಕೋ ತಂಗಿ ಅನ್ನಬೇಕೋ ಅವರಿಗೇ ತಿಳೀಲಿಲ್ಲ. ಹೀರಾ ಹೆಂಡತಿ ಆದಳು, ನಮ್ಮ ಇನ್ನೊಬ್ಬ ಒಡಹುಟ್ಟಿದವಳು ಡಿಮೀಟರ್ ತಾಯಿ ಆದಳು, ಅವರಿಗೆ ಬೇರೆ ಹೆಸರು ಸಿಕ್ಕಿತು. ನಾನು ಮದುವೆ ಬೇಡ ಅಂದೆ. ಏನಂತ ಕರೀಬೇಕು ಅಂತ ಗೊತ್ತಾಗದೆ, ಆಮೇಲಾಮೇಲೆ ಹಬ್ಬಕ್ಕೂ ಕರೆಯೋದು ಬಿಟ್ಟರು."

ಇಂಥದ್ದಕ್ಕೆಲ್ಲ ಮೇಲಧಿಕಾರಿಗಳನ್ನು ಕೇಳಬೇಕೆಂಬ ನಿಯಮವಿದೆ. ಕೇಳಲಿಲ್ಲ. ಬರೆದು, ಮೊಹರು ಒತ್ತಿ, ಕಿಟಕಿಯಿಂದ ಕೊಟ್ಟೆ.

ಅವಳು ಹಾಳೆಯನ್ನು ನನ್ನ ಕಡೆಗೇ ತಿರುಗಿಸಿ ಆ ಖಾನೆಯ ಮೇಲೆ ಬೆರಳಿಟ್ಟಳು. "ಇದನ್ನ ಒಂದ್ಸಲ ಓದಮ್ಮ."

"ಅಕ್ಕ," ಎಂದು ಓದಿದೆ.

ಹಿಂದೆ ಸಾಲು ಬೆಳೆದಿತ್ತು. ಅವಳು ಕದಲಲಿಲ್ಲ.

"ಇನ್ನೊಂದ್ಸಲ," ಎಂದಳು.